ರಫೀಕ್ ಚಾಚಾನ ಹೆಸರು ಅಚ್ಚಾದ ದಿನ

ಹೊಸ ಪತ್ರಿಕೆಯ ಮಡಿಕೆ ಬಿಚ್ಚಿದಾಗ ಏಳುವ ಮಸಿಯ ವಾಸನೆ ಇವತ್ತಿಗೂ ನನ್ನನ್ನು ಕಲಬುರಗಿಯ ಸ್ಟೇಶನ್ ಬಜಾರದ ಆ ಎರಡು ಕೋಣೆಯ ಮನೆಗೆ ಕರೆದೊಯ್ಯುತ್ತದೆ. ಅಂಗಳದ ಕಲ್ಲುಹಾಸು ಇನ್ನೂ ತಣ್ಣಗಿರುವ ಹೊತ್ತು. ನನ್ನ ತಂದೆಯ ತಾಯಿ, ದಾದಿ, ಚಹಾದ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿರುತ್ತಿದ್ದಳು. ಆಕೆಗೆ ಓದಲು ಬಾರದು. ನಾನು ಎದುರಿಗೆ ಕೂತು ಓದಿ ಹೇಳಬೇಕು. ಮನೆಯಲ್ಲೆಲ್ಲ ದಖನಿ ಉರ್ದು ಮಾತಾದರೂ ಆ ಅರ್ಧ ಗಂಟೆ ಮಾತ್ರ, ‘ಪೇಪರ್ ಕನ್ನಡದ್ದು, ಮಾತೂ ಕನ್ನಡದಾಗೇ ಇರ್ಲಿ’ ಅನ್ನುತ್ತಿದ್ದಳು. ಮಂತ್ರಿಗಳ ಸುದ್ದಿ ಬೇಡ, ಮಳೆಯ ಸುದ್ದಿಯೂ ಬೇಡ. ನೇರ ಆಟದ ಪುಟ. ಆಕೆಯ ಕಿರಿಮಗ, ನನ್ನ ರಫೀಕ್ ಚಾಚಾ, ಗೋಲ್‌ಕೀಪರ್ ಆಗಿದ್ದ ಬಜಾರದ ಫುಟ್‌ಬಾಲ್ ತಂಡದ ಸುದ್ದಿಯನ್ನು ಅಲ್ಲಿ ಹುಡುಕಬೇಕು.

ಅದು ಸಿಗುತ್ತಿರಲಿಲ್ಲ. ಮುಕ್ಕಾಲು ಪುಟ ಕ್ರಿಕೆಟ್ಟು, ಉಳಿದದ್ದು ಜಾಹೀರಾತು. ಎಂದಾದರೂ ಮೂಲೆಯಲ್ಲಿ ಎರಡು ಸಾಲು ಬಂದರೆ ಗೆದ್ದವರನ್ನು ಸೋತವರೆಂದೂ ರಫೀಕನನ್ನು ಶಫೀಕನೆಂದೂ ಬರೆದಿರುತ್ತಿದ್ದರು. ಹಮಾಲರು, ಆಟೋದವರು ಚಹಾದಂಗಡಿಯಲ್ಲಿ ಆ ಎರಡು ಸಾಲು ಮುಂದಿಟ್ಟುಕೊಂಡು ಗೊಣಗುತ್ತಿದ್ದರು. ಬಿಸಿಲಲ್ಲಿ ನಿಂತು ಆಟ ನೋಡಿದವರು ಅವರು. ಒಮ್ಮೆ ದಾದಿ ಬುರ್ಖಾ ತೊಟ್ಟು, ನನ್ನ ಕೈಹಿಡಿದು ಪತ್ರಿಕೆಯ ಕಚೇರಿಗೇ ಹೋದಳು. ಮೇಜಿನ ಹಿಂದಿದ್ದವರು ತಲೆ ಎತ್ತದೆ, ‘ಅಮ್ಮಾ, ಓಣಿ ಫುಟ್‌ಬಾಲ್ ಯಾರ್ ಓದ್ತಾರ್ರೀ?’ ಅಂದರು. ‘ಇಕಿ ಓದ್ತಾಳ್ರೀ, ನಾ ಕೇಳ್ತೀನಿ. ಇಬ್ಬರಾದಿವಲ್ಲ’ ಅಂದಳು ದಾದಿ. ಅವರು ನಕ್ಕರು. ಆಕೆ ನಗಲಿಲ್ಲ.

ಮರುವಾರವೂ ಸುದ್ದಿ ಬರಲಿಲ್ಲ. ದಾದಿಯ ಬಸಿ ಬಾಯಿಯ ಹತ್ತಿರ ಹಾಗೆಯೇ ನಿಂತಿತ್ತು. ತಡೆಯಲಾಗದೆ ನಾನು ಬೇಳೆ ದರದ ಪಟ್ಟಿಯ ಮೇಲೆ ಬೆರಳಿಟ್ಟು, ‘ರಫೀಕ್ ಎರಡು ಗೋಲು ತಡೆದರು’ ಎಂದು ಓದಿಬಿಟ್ಟೆ. ದಾದಿ ಕಣ್ಣು ಮುಚ್ಚಿ ಚಹಾ ಕುಡಿದಳು. ಹೊಸ್ತಿಲಲ್ಲಿ ಬೂಟಿನ ದಾರ ಕಟ್ಟುತ್ತಿದ್ದ ಚಾಚಾ ನನ್ನತ್ತ ಒಮ್ಮೆ ನೋಡಿ ಮತ್ತೆ ದಾರಕ್ಕೆ ಬಗ್ಗಿದ. ಆ ಚಳಿಗಾಲವಿಡೀ ನಾನು ಹಾಗೆಯೇ ಓದಿದೆ. ಚಾಚಾ ರಾತ್ರಿ ಊಟಕ್ಕೆ ಕೂತಾಗ ಹೇಳಿದ್ದನ್ನೇ ಬೆಳಿಗ್ಗೆ ಪತ್ರಿಕೆಯ ಭಾಷೆಗೆ ತಿರುಗಿಸುತ್ತಿದ್ದೆ.

ಆ ವರ್ಷದ ಕಡೆಯ ಪಂದ್ಯ ಹತ್ತಿರದ ಕಮಲಾಪುರದಲ್ಲಿ, ಆ ಊರಿನವರ ಮೇಲೇ. ಬಜಾರದ ಗಂಡಸರೆಲ್ಲ ಟೆಂಪೋ ಹತ್ತಿ ಹೋದರು. ಸಂಜೆ ಸದ್ದಿಲ್ಲದೆ ಮರಳಿದರು. ಮರುದಿನ ಪತ್ರಿಕೆಯಲ್ಲಿ, ಮೊದಲ ಸಲ, ಅರ್ಧ ಕಾಲಂ ಸುದ್ದಿ: ಕೊನೆಯ ಗಳಿಗೆಯಲ್ಲಿ ಗೋಲ್‌ಕೀಪರ್ ರಫೀಕ್ ಕೈಯಿಂದ ಚೆಂಡು ಜಾರಿ ತಂಡ ಸೋತಿತು. ಹೆಸರಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನಾನು ಬೆರಳನ್ನು ಬೇಳೆ ದರದ ಪಟ್ಟಿಯತ್ತ ಸರಿಸಿದೆ. ನಳದ ಹತ್ತಿರ ಮುಖ ತೊಳೆಯುತ್ತಿದ್ದ ಚಾಚಾ ತಿರುಗದೆಯೇ, ‘ಇದ್ದದ್ದು ಇದ್ದಂಗ ಓದವಾ’ ಅಂದ. ಓದಿದೆ.

ದಾದಿ ಬಸಿ ಕೆಳಗಿಟ್ಟಳು. ‘ಇಷ್ಟ್ ದಿನಾ ಗಡಗಡ ಓದತಿದ್ದಿ, ಇವತ್ತ ತಡವರಸ್ತಿ. ಇದ ಖರೇನೂ ಅಚ್ಚಾಗೇದ ಅಂತಾತು.’ ನಾನು ತಲೆ ತಗ್ಗಿಸಿದೆ. ಆಕೆ ನನ್ನ ಬೆನ್ನ ಮೇಲೆ ಕೈಯಿಟ್ಟಳು. ‘ನೀ ಓದಿದ್ದೂ ಸುಳ್ಳಲ್ಲ ಬಿಡು. ಅವ ತಡದದ್ದು ಖರೇನ.’

ಚಾಚಾ ಮತ್ತೆ ಆಡಲಿಲ್ಲ. ನಂದೂರಿನ ಬೇಳೆ ಮಿಲ್ಲಿಗೆ ಸೇರಿದ, ತಂಡ ಚದುರಿತು. ದಾದಿ ಹೋದಳು, ಬಹಳ ವರ್ಷಗಳ ನಂತರ ಚಾಚಾನೂ ಹೋದ. ಮನೆಯಿದ್ದ ಜಾಗದಲ್ಲಿ ಈಗ ಲಾಡ್ಜು.

ಹೋದ ವರ್ಷ ಕಮಲಾಪುರದಲ್ಲಿ ಬಸ್ಸು ಕೆಟ್ಟು ನಿಂತಾಗ, ಕೆಂಪು ಬಾಳೆಹಣ್ಣು ಮಾರುತ್ತಿದ್ದ ಮುದುಕರೊಬ್ಬರ ಜೊತೆ ಮಾತಿಗೆ ಬಿದ್ದು ಆ ಹಳೆಯ ಪಂದ್ಯದ, ಚಾಚಾನ ಸುದ್ದಿ ತೆಗೆದೆ. ಅವರ ಕೈ ತಕ್ಕಡಿಯ ಮೇಲೆ ನಿಂತಿತು. ‘ಕಲಬುರಗಿ ಕೀಪರ್ ಏನ್ರೀ? ಅವತ್ತ ನಾ ಈ ಊರ ಕಡಿಂದ ಆಡೀನಿ. ಕಡೀಕ ಒಂದ್ ಜಾರ್ತು, ಹೌದು. ಅದಕ್ಕ ಮೊದಲ ನಾ ಹೊಡದ ಮೂರೂ ತಡದಾನ್ರೀ ಅವ. ಯಾರೂ ಬರೀಲಿಲ್ಲ ಅದನ್ನ.’

ಬಸ್ಸು ರಿಪೇರಿಯಾಗಿ ಹೊರಟಿತು. ಕಿಟಕಿಯ ಪಕ್ಕ ಕೂತು ಅವರ ಮಾತನ್ನು ಮನಸ್ಸಿನಲ್ಲೇ ಒಂದೊಂದಾಗಿ ಜೋಡಿಸಿಕೊಂಡೆ, ಒಂದಕ್ಷರ ಬಿಡದಂತೆ. ಹೇಳೋಣವೆಂದರೆ ಮನೆಯಲ್ಲಿ ಕೇಳುವವರು ಯಾರೂ ಉಳಿದಿರಲಿಲ್ಲ.