ಕನಕರಾಜು ತಿರುವಿ ಹಾಕಿದ ಧಾಟಿ

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ, ಟೈಲರ್ ಅಂಗಡಿಯ ಮಹಡಿ ಮೇಲೆ ಕನಕರಾಜುವಿನ ಸ್ಟುಡಿಯೋ ಇದೆ. ಸ್ಟುಡಿಯೋ ಎಂದರೆ ಒಂದು ಕಂಪ್ಯೂಟರು, ಒಂದು ಕೀಬೋರ್ಡು, ಸದ್ದು ಗುಂಯ್‌ಗುಡದಂತೆ ಗೋಡೆಗೆ ಹೊಡೆದ ಹಳೇ ಕಂಬಳಿಗಳು. ಹದಿನಾಲ್ಕು ವರ್ಷದಿಂದ ಸುತ್ತಲಿನ ಭಜನೆ ಮೇಳದವರೆಲ್ಲ ಹಾಡು ರೆಕಾರ್ಡ್ ಮಾಡಿಸುವುದು ಇಲ್ಲೇ. ಬರುವಾಗ ಹಾಡಿನ ಪುಸ್ತಕ ತರುತ್ತಾರೆ. ಪ್ರತಿ ಹಾಡಿನ ನೆತ್ತಿಯ ಮೇಲೆ ‘ಧಾಟಿ’ ಎಂದು ಅಚ್ಚಾಗಿ, ಅದರ ಮುಂದೆ ಯಾವುದೋ ಸಿನಿಮಾ ಹಾಡಿನ ಮೊದಲ ಸಾಲು ಇರುತ್ತದೆ. ದೇವರು ಯಾರಾದರೂ ಆಗಲಿ, ರಾಗ ಸಿನಿಮಾದ್ದು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಪುಣ್ಯಾತ್ಮ “ನೀನೇ ಒಂದು ರಾಗ ಹಾಕು” ಎಂದಿದ್ದರೆ ಕನಕರಾಜುವಿನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ಹೀಗಿರುವಾಗ ಉಡಿಗಾಲದ ಹೆಂಗಸರ ಮೇಳದ ಶಶಿರೇಖಾ ತಾನೇ ಬರೆದ ಹಾಡೊಂದನ್ನು ತಂದಳು. ಧಾಟಿಯ ಜಾಗ ಖಾಲಿ ಇತ್ತು.

“ಅಣ್ಣ, ಇದ್ಕೆ ಯಾವ್ ಧಾಟಿ ಆಕನ?”

“ಈ ಸಲ ಧಾಟಿ ನಂದೇ ಕಣಮ್ಮ. ಫೋನಿಗೆ ಕಳಿಸ್ತೀನಿ, ಕಲ್ತ್ಕೊಂಡು ಭಾನುವಾರ ಬನ್ನಿ.”

ಮಾತು ಕೊಟ್ಟದ್ದಾಯಿತು, ಬೆರಳು ಕೇಳಬೇಕಲ್ಲ! ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಬೆರಳು ತಾನಾಗಿ ಯಾವುದಾದರೂ ಹಳೇ ಹಾಡಿಗೆ ಜಾರಿಬಿಡುತ್ತಿತ್ತು. ಊಟದ ಡಬ್ಬಿ ತಂದ ಹೆಂಡತಿ ಸುಧಾಮಣಿ ಬಾಗಿಲಲ್ಲೇ ನಿಂತು ಮುಂದಿನ ಸಾಲನ್ನು ಗುನುಗಿದಳು. ಅವಳ ಮೇಲೆ ರೇಗಿದ. ಅವಳದೇನು ತಪ್ಪು?

ಬುಧವಾರ ಅವನಿಗೆ ಹಟ ಬಂತು. ಹಳೆಯದೇ ಬರುವುದಾದರೆ ಅದನ್ನೇ ಹಿಂದುಮುಂದು ಮಾಡಿಬಿಡೋಣ ಎಂದುಕೊಂಡ. ಮೊದಲು ಹಳೇ ಹಾಡೊಂದನ್ನು ಕೀಬೋರ್ಡಿನ ಹಾರ್ಮೋನಿಯಂ ಸದ್ದಿನಲ್ಲಿ ನುಡಿಸಿ, ರೆಕಾರ್ಡಾದ ಆ ಸದ್ದನ್ನೇ ತಿರುವಿದ. ಹಾರ್ಮೋನಿಯಂ ಎಲ್ಲಿಂದಲೋ ಉಬ್ಬಿಕೊಂಡು ಬಂದು ಗಕ್ಕನೆ ನಿಂತಿತು, ಯಾರೋ ಬಿಕ್ಕಳಿಸಿದಂತೆ. ಅದನ್ನು ಯಾವ ಬಾಯಿ ಹಾಡೀತು? ಆಮೇಲೆ ಸದ್ದನ್ನು ಬಿಟ್ಟು ಸ್ವರಗಳ ಸಾಲನ್ನಷ್ಟೇ ಕೊನೆಯಿಂದ ಮೊದಲಿಗೆ ತಿರುವಿದ. ಈಗ ಹಾರ್ಮೋನಿಯಂ ಹಾರ್ಮೋನಿಯಂನಂತೆಯೇ ಕೇಳಿಸಿತು. ಆದರೆ ಸಾಲಿನ ಕೊನೆಯಲ್ಲಿ ಎಳೆಯಬೇಕಾದ ಉದ್ದ ಸ್ವರ ಮೊದಲಿಗೇ ಬಂದು ಕೂತು ತಾಳ ಮುಗ್ಗರಿಸಿತು. ಗುರುವಾರವೆಲ್ಲ ಮೌಸ್ ಹಿಡಿದು ಒಂದೊಂದೇ ಸ್ವರವನ್ನು ಸರಿಸಿದ, ಬೈದ, ಮತ್ತೆ ಸರಿಸಿದ. ಸಂಜೆಗೆ ನಾಲ್ಕು ಸಾಲು ನಿಂತವು. ಸುಧಾಮಣಿಗೆ ಕೇಳಿಸಿದ. ಮುಂದಿನ ಸಾಲು ಅವಳ ಬಾಯಿಗೆ ಬರಲಿಲ್ಲ. ಕನಕರಾಜುವಿಗೆ ಸಂತೋಷಕ್ಕೆ ಕಣ್ಣು ತುಂಬಿತು.

ರಾಗವನ್ನು ಶಶಿರೇಖಾಳ ಫೋನಿಗೆ ಕಳಿಸಿದ. ಭಾನುವಾರ ನಾಲ್ವರು ಹೆಂಗಸರು ಬಂದು ಮೈಕಿನ ಮುಂದೆ ನಿಂತರು. ಎಲ್ಲರಿಗೂ ಹಿರಿಯಳು ಮಲ್ಲಮ್ಮ. ಹಾಡಿದರು, ಸೊಗಸಾಗಿಯೇ ಹಾಡಿದರು. ಆದರೆ ಅದು ಅವನ ರಾಗವಾಗಿರಲಿಲ್ಲ.

“ಇದು ನಾ ಕಳಿಸಿದ್ದಲ್ಲ!”

“ಅದೇ ಕಣಪ್ಪ,” ಎಂದಳು ಮಲ್ಲಮ್ಮ. “ಅಲ್ಲಲ್ಲಿ ಸೊಟ್ಟುಗಿತ್ತು, ಬಾಯ್ಗೆ ಬರ್ನಿಲ್ಲ. ನಾವೇ ವಸಿ ನೇರ ಮಾಡ್ಕಂಡೊ.”

ತನ್ನದನ್ನು ಮತ್ತೆ ಹಾಕಿ ಕೇಳಿಸಿದ. ತಲೆಯಾಡಿಸಿ ಕೇಳಿದರು, ಮತ್ತೆ ನೇರ ಮಾಡಿಯೇ ಹಾಡಿದರು. ಮೂರನೆಯ ಸಲ ಅವನು ಕಿರುಚಿದ. ಶಶಿರೇಖಾಳ ಮುಖ ಚಿಕ್ಕದಾಯಿತು. ಅವಮಾನವಾಗಿದ್ದು ತನಗೋ ಅವಳಿಗೋ ಎಂಬುದೂ ಅವನಿಗೆ ತಿಳಿಯಲಿಲ್ಲ.

ನಾಲ್ಕನೆಯ ಸಲ ಹಾಡುವಾಗ ಅವನ ಕಿವಿ ನೆಟ್ಟಗಾಯಿತು. ಸಿಟ್ಟಿನಲ್ಲಿ ಇಷ್ಟು ಹೊತ್ತು ಗಮನಿಸಿರಲಿಲ್ಲ, ಮೂರನೆಯ ಸಾಲು ಅವನದೇ! ಸ್ವರ ಮೇಲಕ್ಕೆ ಹತ್ತಿ, ಇಳಿಯಬೇಕಾದಲ್ಲಿ ಇಳಿಯದೆ ಅಲ್ಲೇ ನಿಲ್ಲುವ ಆ ತಿರುವು. ಗುರುವಾರ ಅರ್ಧ ದಿನ ತಿಂದ ಸಾಲು ಅದು. ನಾಲ್ವರೂ ಒಂದಿಷ್ಟೂ ತಪ್ಪದೆ ಹಾಡುತ್ತಿದ್ದರು.

“ಈ ಸಾಲು ಹೆಂಗ್ ಸರಿಯಾಗ್ ಬಂತವ್ವ?”

“ಅದ್ನೂ ಕಲೀಬೇಕಾ?” ಎಂದಳು ಮಲ್ಲಮ್ಮ. “ನಮ್ಮವ್ವ ರಾಗಿ ಬೀಸ್ವಾಗ ಏಳ್ತಿದ್ದ ಪದ ಅಲ್ವಾ ಅದು.”

“ಅಲ್ಲ ಕಣವ್ವ, ನಾ ಮಾಡಿದ್ದು! ಗುರುವಾರ ಇಲ್ಲೇ ಕೂತು ಮಾಡಿದ್ದು!”

ಮಲ್ಲಮ್ಮ ಅವನನ್ನು ಕನಿಕರದಿಂದ ನೋಡಿದಳು. “ನೀ ಉಟ್ಟಕ್ ಮುಂಚಿಂದು ಕಣ್ ಮಗ. ಎಲ್ಲೋ ಕೇಳಿದ್ದೀಯೆ.”

ಉಳಿದವರೂ ಹೌದೆಂದು ತಲೆಯಾಡಿಸಿದರು. ಕಂಪ್ಯೂಟರಿನಲ್ಲಿ ಆ ಸಾಲು ಮಾಡಿದ ತಾರೀಖು, ಗಂಟೆ ಎಲ್ಲವೂ ಇತ್ತು. ಅದನ್ನು ಮಲ್ಲಮ್ಮನಿಗೆ ತೋರಿಸಿ ಏನು ಪ್ರಯೋಜನ? ಕನಕರಾಜು ಹಲ್ಲು ಕಚ್ಚಿಕೊಂಡು ರೆಕಾರ್ಡ್ ಒತ್ತಿದ. ಮೂರನೆಯ ಸಾಲು ಬಂದಾಗ ಮಲ್ಲಮ್ಮ ಕಣ್ಣು ಮುಚ್ಚಿಕೊಂಡಳು.