ಶನಿಗೆ ನಾನು ಅಂಟಿಸಿದ ಬಾಲ

ಶನಿಗ್ರಹಕ್ಕೆ ಬಾಲ ಅಂಟಿಸಿದವನು ನಾನೇ. ಬೇರೆ ಯಾರಾದರೂ ಬಂದು ಹೇಳುವುದಕ್ಕಿಂತ ನಾನೇ ಮೊದಲು ಒಪ್ಪಿಕೊಳ್ಳುವುದು ವಾಸಿ. ಶನಿಗೆ ಬಾಲವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ನಾಲ್ಕು ಜನರ ಮುಂದೆ ಅವರನ್ನು ಒಂದು ನಿಮಿಷ ಪೆದ್ದು ಮಾಡಿ ನಗೋಣ ಎಂದುಕೊಂಡೆ, ಅಷ್ಟೇ. ಆದರೆ ಆ ಸುಳ್ಳು ಬಾಲಕ್ಕೆ ಸಿಕ್ಕಿಕೊಂಡು ಹೊರಬಂದದ್ದು ಚಿಕ್ಕಪ್ಪನ ಕಣ್ಣಿನ ಗುಟ್ಟು. ಆ ಕಣ್ಣನ್ನು ನಂಬಿಕೊಂಡು ಅವರ ವ್ಯಾನು ಇತ್ತು, ವ್ಯಾನನ್ನು ನಂಬಿಕೊಂಡು ಅವರ ಮನೆ ಇತ್ತು. ಅದೇ ವ್ಯಾನಿನಲ್ಲಿ ಆ ರಾತ್ರಿ ಊರಿಗೆ ವಾಪಸ್ಸಾಗಬೇಕಿದ್ದ ಹದಿಮೂರು ಜನ ನಾವಿದ್ದೆವು.

ನನ್ನ ಪರಿಚಯ ದೊಡ್ಡದೇನಿಲ್ಲ. ದೊಡ್ಡಬಳ್ಳಾಪುರದ ಒಂದು ಮೊಬೈಲ್ ಅಂಗಡಿಯಲ್ಲಿ ಗ್ಲಾಸು ಅಂಟಿಸುತ್ತೇನೆ. ಉಳಿದ ಹೊತ್ತಿನಲ್ಲಿ ಬೇರೆಯವರ ಧ್ವನಿಯಲ್ಲಿ ಬದುಕುತ್ತೇನೆ. ಹಾಲಿನ ಡೇರಿಯ ಕಾರ್ಯದರ್ಶಿ ಕೆಮ್ಮುವುದು, ಕಂಡಕ್ಟರು ಚಿಲ್ಲರೆಗೆ ರೇಗುವುದು, ಚಿಕ್ಕಮ್ಮ ಜಗಳದ ಮಧ್ಯೆ ಫೋನ್ ಬಂದರೆ ಜೇನಾಗಿ ಬಿಡುವುದು, ಎಲ್ಲವೂ ನನ್ನ ಗಂಟಲಿನಲ್ಲಿದೆ. ನನ್ನನ್ನು ನಾನೇ ನಕಲು ಮಾಡಿದರೆ ಮಾತ್ರ ಯಾರೂ ನಗುವುದಿಲ್ಲ. ಮೂಲವೇ ಅಷ್ಟು ನಗೆಪಾಟಲಾಗಿರುವಾಗ ನಕಲಿಗೆ ಏನು ಕೆಲಸ?

ಬೆಳೆದದ್ದು ಚಿಕ್ಕಪ್ಪನ ಮನೆಯಲ್ಲಿ. ಅವರದ್ದೊಂದು ಟೆಂಪೋ ಟ್ರಾವೆಲರ್. ಬೆಳಿಗ್ಗೆ ಗಾರ್ಮೆಂಟ್ಸಿನ ಹೆಣ್ಣುಮಕ್ಕಳನ್ನು ಸಾಸಲು ಕಡೆಯ ಹಳ್ಳಿಗಳಿಂದ ಫ್ಯಾಕ್ಟರಿಗೆ ಬಿಡುತ್ತಿದ್ದರು, ಸಂಜೆ ವಾಪಸ್ಸು ಕರೆದೊಯ್ಯುತ್ತಿದ್ದರು. ಒಂದು ವರ್ಷದಿಂದ ಅವರಿಗೊಂದು ಹೊಸ ವರಸೆ ಹತ್ತಿತ್ತು: ಗದ್ದ ಮೇಲೆತ್ತಿ, ಕಣ್ಣು ಕಿರಿದು ಮಾಡಿ, ತುಟಿ ಒಂದು ಪಕ್ಕಕ್ಕೆ ಎಳೆದು ನೋಡುವುದು. ನಾನು ಬಿಡುತ್ತೇನೆಯೇ? 'ಚಿಕ್ಕಪ್ಪ ಗಡಿಯಾರ ನೋಡಿದ್ದು' ಎಂದು ಅದನ್ನೂ ಒಂದು ಐಟಂ ಮಾಡಿಕೊಂಡೆ. ಮದುವೆ, ನಾಮಕರಣ, ಹುಟ್ಟುಹಬ್ಬ, ಎಲ್ಲೇ ಮಾಡಲಿ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಚಿಕ್ಕಪ್ಪನೂ ನಗುತ್ತಿದ್ದರು. ಅವರು ಯಾಕೆ ಹಾಗೆ ನೋಡುತ್ತಾರೆ ಎಂದು ನಗುವವರೂ ಕೇಳಲಿಲ್ಲ, ನಗಿಸುವವನೂ ಕೇಳಲಿಲ್ಲ.

ತೂಬಗೆರೆ ದಾಟಿದ ಮೇಲೆ ಒಂದು ಗುಡ್ಡದ ಮೇಲೆ ಸಾರ್ವಜನಿಕರಿಗೆ ಆಕಾಶ ತೋರಿಸುವ ವೀಕ್ಷಣಾಲಯವಿದೆ. ಅಲ್ಲಿಗೆ ಬೀದಿಯವರನ್ನೆಲ್ಲ ಹೊರಡಿಸಿದವರು ಪಕ್ಕದ ಮನೆಯ ಉರ್ದು ಶಾಲೆ ಟೀಚರ್. ನಾವೆಲ್ಲ ಅವರನ್ನು ಆಪಾ ಅನ್ನುತ್ತೇವೆ. ಭಾನುವಾರ, ವ್ಯಾನಿಗೂ ರಜೆ. ಚಿಕ್ಕಮ್ಮ ಮಾತ್ರ ಬರಲಿಲ್ಲ. "ಶನಿನ ಹುಡುಕ್ಕೊಂಡು ಗುಡ್ಡ ಹತ್ತೋರ್ನ ಇವತ್ತೇ ನೋಡಿದ್ದು. ಅವ್ನಿಗೆ ಬೇಕಾದ್ರೆ ಅವ್ನೇ ಮನೆ ಹುಡುಕ್ಕೊಂಡು ಬರ್ತಾನೆ" ಎಂದು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತರು.

"ಲೇ, ನೀನು ಮುಂದೆ ಬಾ. ಕಾಮೆಂಟ್ರಿ ಹೇಳು" ಎಂದರು ಚಿಕ್ಕಪ್ಪ.

ಇದು ಒಂದು ವರ್ಷದಿಂದ ನಡೆದಿದ್ದ ನಮ್ಮಿಬ್ಬರ ಆಟ. ಕತ್ತಲಾದ ಮೇಲೆ ಎಲ್ಲಿಗೇ ಹೊರಡಲಿ, ಚಿಕ್ಕಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ರೇಡಿಯೋದಲ್ಲಿ ಕ್ರಿಕೆಟ್ ಹೇಳುವವರ ಧ್ವನಿಯಲ್ಲಿ ನಾನು ರಸ್ತೆಯನ್ನು ವರ್ಣಿಸಬೇಕು. "ಕೇಳುಗರೇ, ಎದುರಿನಿಂದ ಲಾರಿ ಬರುತ್ತಿದೆ. ಎಡಗಡೆ ಟಿವಿಎಸ್ ಮೇಲೆ ಎರಡು ಮೂಟೆ ಹುಲ್ಲು, ಹುಲ್ಲಿನ ನಡುವೆ ಒಬ್ಬ ಮನುಷ್ಯನೂ ಇರಬಹುದೆಂದು ಅಂದಾಜು. ಮುಂದೆ ರೋಡ್ ಹಂಪು. ಹಂಪಿಗೆ ಬಣ್ಣ ಬಳಿದಿಲ್ಲ, ನಮ್ಮ ಬೆನ್ನುಮೂಳೆಗೆ ವಿಮೆ ಮಾಡಿಸಿಲ್ಲ." ಹಿಂದಿನವರು ನಗುತ್ತಿದ್ದರು, ಚಿಕ್ಕಪ್ಪ "ಹೂಂ, ಆಮೇಲೆ?" ಎನ್ನುತ್ತಾ ಸರಿಯಾಗಿ ಹಂಪಿನ ಹತ್ತಿರ ಬ್ರೇಕ್ ಹಾಕುತ್ತಿದ್ದರು. ನನಗೆ ಇಷ್ಟು ದೊಡ್ಡ ಅಭಿಮಾನಿ ಮತ್ತೊಬ್ಬನಿಲ್ಲ ಎಂದು ನಾನು ಉಬ್ಬಿಹೋಗಿದ್ದೆ. ಅಂದು ಹೋಗುವಾಗ ಇನ್ನೂ ಬೆಳಕಿತ್ತು. ಆದರೂ ಹೇಳಿಸಿಕೊಂಡರು.

ಗುಡ್ಡದ ಮೇಲೆ ಚಳಿ. ದಕ್ಷಿಣಕ್ಕೆ ದೇವನಹಳ್ಳಿ ಕಡೆಯ ಆಕಾಶ ವಿಮಾನ ನಿಲ್ದಾಣದ ದೀಪಗಳಿಂದ ಕೆಂಪಾಗಿತ್ತು. ಇಳಿಯುವ ವಿಮಾನಗಳನ್ನೆಲ್ಲ ನಮ್ಮ ಬೀದಿಯವರು ಗ್ರಹಗಳೆಂದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಆಕಾಶ ತೋರಿಸುವವಳು ಆಗಷ್ಟೇ ಕಾಲೇಜು ಮುಗಿಸಿದಂತಿದ್ದ ಹುಡುಗಿ, ಕೈಯಲ್ಲಿ ಕೆಂಪು ಕಾಗದ ಸುತ್ತಿದ ಟಾರ್ಚು.

"ಎಲ್ರೂ ಮೊಬೈಲ್ ಲೈಟ್ ಆಫ್ ಮಾಡ್ಬಿಡಿ. ಕತ್ತಲಿಗೆ ಕಣ್ಣು ಹೊಂದ್ಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಆಮೇಲೆ ಎಷ್ಟೆಲ್ಲ ಕಾಣುತ್ತೆ ಅಂತ ನಿಮಗೇ ಆಶ್ಚರ್ಯ ಆಗುತ್ತೆ" ಎಂದಳು.

ಐದು ನಿಮಿಷದಲ್ಲಿ ಅವಳ ಧ್ವನಿ ನನ್ನ ಗಂಟಲಿಗೆ ಬಂತು. ಕತ್ತಲಲ್ಲಿ ಅದೇ ಮೆತ್ತನೆಯ ರಾಗದಲ್ಲಿ, "ಈಗ ಎಲ್ರೂ ಬಲಗಾಲು ಸ್ವಲ್ಪ ಎತ್ತಿ, ಧ್ರುವ ನಕ್ಷತ್ರ ಕಾಣುತ್ತೆ" ಎಂದೆ. ಮೂರು ಜನ ಎತ್ತಿದರು. ಆಪಾ ನನ್ನ ಬೆನ್ನಿಗೆ ಗುದ್ದಿ, "ಚುಪ್ ಕೂತ್ಕೋ, ಶೈತಾನ್" ಎಂದರು. ಆ ಹುಡುಗಿ ಹಸಿರು ಬೆಳಕಿನ ಕೋಲಿನಂಥದ್ದನ್ನು ಆಕಾಶಕ್ಕೆ ಹಿಡಿದು ತೋರಿಸುತ್ತಿದ್ದಳು. ಎಲ್ಲರ ತಲೆಯೂ ಒಟ್ಟಿಗೆ ತಿರುಗುತ್ತಿತ್ತು. ಚಿಕ್ಕಪ್ಪನ ತಲೆ ಮಾತ್ರ ಮೊದಲು ಪಕ್ಕದವರ ಕಡೆ ತಿರುಗಿ, ಆಮೇಲೆ ಮೇಲೆ ಹೋಗುತ್ತಿತ್ತು. ಅದನ್ನು ನಾನು ಕಂಡೆ. ಮುಂದಿನ ಹುಟ್ಟುಹಬ್ಬಕ್ಕೆ ಇದೂ ಒಂದು ಐಟಂ ಆಗುತ್ತದೆ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಆಮೇಲೆ ದೂರದರ್ಶಕದ ಮುಂದೆ ಸಾಲು. ಮೂರು ಮೆಟ್ಟಿಲಿನ ಕಬ್ಬಿಣದ ಸ್ಟೂಲು ಹತ್ತಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಇಟ್ಟು ನೋಡಬೇಕು. "ಈ ವರ್ಷ ಶನಿಯ ಉಂಗುರ ನಮಗೆ ಅಂಚು ಮಾತ್ರ ತೋರಿಸ್ತಿದೆ. ಸಣ್ಣ ಗೆರೆ ಥರ ಕಾಣುತ್ತೆ" ಎಂದು ಅವಳು ಮೊದಲೇ ಹೇಳಿದ್ದಳು. ನನ್ನ ಸರದಿ ಬಂತು. ಮುತ್ತಿಗೆ ಸೂಜಿ ಚುಚ್ಚಿಟ್ಟಂತೆ ಶನಿ ನಿಂತಿದ್ದ. ನಿಜ ಹೇಳಬೇಕೆಂದರೆ, ಒಂದು ಕ್ಷಣ ನನಗೂ ಯಾರ ಧ್ವನಿಯೂ ಬಾಯಿಗೆ ಬರಲಿಲ್ಲ.

ಇಳಿಯುವಾಗ ಅಭ್ಯಾಸ ಬಲ. ಚಿಕ್ಕಪ್ಪನ ಕಿವಿಯಲ್ಲಿ ಗುಟ್ಟಾಗಿ, "ಸೂಪರಾಗೈತೆ ಚಿಕ್ಕಪ್ಪ. ಕೆಳಗಡೆ ಕೆಂಪು ಬಾಲ ನೋಡಿ, ಗಾಳಿಪಟದ್ದು ಇದ್ದಂಗೈತೆ" ಎಂದೆ. ಅವರು ಹತ್ತಿ ನೋಡಿ, "ಎಲ್ಲೈತಮ್ಮ ಬಾಲ? ಕಾಣ್ತಿಲ್ವಲ್ಲ" ಎಂದು ಆ ಹುಡುಗಿಯನ್ನು ಕೇಳುತ್ತಾರೆ, ಅವಳು ಪಾಠ ಶುರು ಮಾಡುತ್ತಾಳೆ, ನಾವು ನಗುತ್ತೇವೆ. ಇದು ನನ್ನ ಲೆಕ್ಕ.

ಚಿಕ್ಕಪ್ಪ ಸ್ಟೂಲು ಹತ್ತಿ ಗಾಜನ್ನು ಕೈಯಲ್ಲಿ ಸವರಿ ಹುಡುಕಿದರು. "ಮುಟ್ಬೇಡಿ ಸರ್, ಅಲ್ಲಾಡಿಬಿಡುತ್ತೆ" ಎಂದಳು ಆ ಹುಡುಗಿ. ಕಣ್ಣಿಟ್ಟರು. ಗದ್ದ ಮೇಲೆ, ತುಟಿ ಪಕ್ಕಕ್ಕೆ. ಬಹಳ ಹೊತ್ತು.

"ಕಾಣ್ತಾ ಸರ್?"

"ಓ, ಕಾಣ್ತು."

"ಗೆರೆ ಕಾಣ್ತಾ?"

"ಗೆರೆನೂ ಕಾಣ್ತು, ಕೆಳಗಡೆ ಆ ಕೆಂಪು ಬಾಲಾನೂ ಚೆನ್ನಾಗಿ ಕಾಣ್ತದಮ್ಮ."

ಸಾಲಿನಲ್ಲಿದ್ದವರು ನಕ್ಕರು. ವಂಶವೇ ಹೀಗೆ ಎಂದು ಯಾರೋ ಅಂದರು. ಹುಡುಗಿ ಗಾಬರಿಯಾಗಿ ತಾನೇ ಒಮ್ಮೆ ಇಣುಕಿ, ಏನನ್ನೋ ತಿರುಗಿಸಿ, "ಈಗ ನೋಡಿ ಸರ್" ಎಂದಳು.

"ಈಗ ಇನ್ನೂ ಚೆನ್ನಾಗೈತೆ" ಎಂದರು ಚಿಕ್ಕಪ್ಪ. ಮೆಟ್ಟಿಲನ್ನು ಕಾಲಲ್ಲಿ ತಡವಿ ತಡವಿ ಇಳಿದರು.

ಎಲ್ಲರೂ ನಗುತ್ತಿದ್ದಾಗ ನನಗೊಬ್ಬನಿಗೆ ನಗು ಬರಲಿಲ್ಲ. ಚಿಕ್ಕಪ್ಪ ತಮಾಷೆ ಮಾಡುವಾಗ ಅವರ ಎಡಗೆನ್ನೆ ಮೊದಲು ಅಲುಗುತ್ತದೆ. ಅವರ ಮುಖವನ್ನು ಅರೆದು ಕುಡಿದವನು ನಾನು. ಕೆಂಪು ಟಾರ್ಚಿನ ಬೆಳಕಿನಲ್ಲಿ ಆ ಕೆನ್ನೆ ಅಲುಗಿರಲಿಲ್ಲ. ಅವರು ಗಾಜಿನಲ್ಲಿ ಏನನ್ನೂ ಕಂಡಿರಲಿಲ್ಲ. ನಾನು ಕಿವಿಗೆ ಹಾಕಿದ್ದನ್ನೇ ತೆಗೆದು ಅವಳ ಮುಂದೆ ಇಟ್ಟಿದ್ದರು. ಹಾಗೆ ನಿಂತಲ್ಲೇ ಇನ್ನೊಂದು ವಿಷಯವೂ ಹೊಳೆಯಿತು. ಒಂದು ವರ್ಷದಿಂದ ನಾನು ಹೇಳುತ್ತಿದ್ದ ಕಾಮೆಂಟ್ರಿ ಅವರಿಗೆ ಮನರಂಜನೆ ಆಗಿರಲಿಲ್ಲ. ಅವರು ಗಾಡಿ ಓಡಿಸುತ್ತಿದ್ದುದು ಅದನ್ನು ಕೇಳಿಕೊಂಡು.

ಏನು ಮಾಡಬಹುದಿತ್ತು? ನನಗೆ ಗಾಡಿ ಓಡಿಸಲು ಬರುವುದಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕುವುದನ್ನು ಬಿಟ್ಟು ಇನ್ಸ್‌ಪೆಕ್ಟರ್ ಧ್ವನಿ ಹಾಕಿ ಮನೆಗೆ ಬಂದವನು. ಬೀದಿಯವರಲ್ಲಿ ಸ್ಕೂಟರಿಗಿಂತ ದೊಡ್ಡದನ್ನು ಹಿಡಿದವರಿಲ್ಲ. ಆ ಹೊತ್ತಿಗೆ ಆ ಗುಡ್ಡಕ್ಕೆ ಬಸ್ಸಿಲ್ಲ. ಆಪಾರನ್ನು ಪಕ್ಕಕ್ಕೆ ಕರೆದೆ.

"ಆಪಾ, ಚಿಕ್ಕಪ್ಪಂಗೆ ಕಣ್ಣು ಕಾಣಲ್ಲ."

"ಹೋದ ವಾರ ನಿಂಗೆ ಕಿವಿ ಕೇಳಲ್ಲ ಅಂತ ನೀನೇ ಹೇಳಿದ್ದೆ. ನಾನು ಪಾಪ ಅಂತ ಅರ್ಧ ಗಂಟೆ ಕಿರುಚಿದ್ದೆ."

"ಅಲ್ಲ ಆಪಾ, ನಿಜವಾಗ್ಲೂ."

"ಮುಂದೆ ಹೋಗಿ ಕೂತ್ಕೋ ಬಾಬಾ, ಚಳಿ ಆಗ್ತೈತೆ" ಎಂದು ಅವರು ವ್ಯಾನು ಹತ್ತಿದರು.

ನಾನೂ ಹತ್ತಿದೆ. ಚಿಕ್ಕಪ್ಪ ಕೀ ತಿರುಗಿಸಿ, ಎಂದಿನಂತೆ, "ಹೂಂ, ಶುರು ಮಾಡು" ಎಂದರು.

ಶುರು ಮಾಡಿದೆ. ಮಾಡದಿದ್ದರೆ ಏನಾಗುತ್ತದೆಂದು ಗೊತ್ತಿತ್ತು. "ಕೇಳುಗರೇ" ಎಂದೆ. ತಿರುವು, ಹಂಪು, ದೀಪವಿಲ್ಲದ ಸೈಕಲ್ಲು, ದೀಪ ಜಾಸ್ತಿಯಾದ ಕಾರು, ಒಂದನ್ನೂ ಬಿಡದೆ ಹೇಳಿದೆ. ಆಟದ ಧ್ವನಿ ಬಿಟ್ಟು ನನ್ನ ಸ್ವಂತ ಧ್ವನಿಯಲ್ಲಿ ಹೇಳಬೇಕೆನಿಸಿತು. ಆದರೆ ಆ ಧ್ವನಿ ಕೇಳಿದರೆ ಹಿಂದಿನವರು ಹೆದರುತ್ತಾರೆ, ಅವರು ಹೆದರಿದರೆ ಚಿಕ್ಕಪ್ಪನ ಸ್ಟೀರಿಂಗ್ ತಪ್ಪುತ್ತದೆ. ಆಟ ನಿಲ್ಲಿಸುವ ಹಾಗಿಲ್ಲ, ಗಾಡಿ ನಿಲ್ಲಿಸಿ ಅನ್ನುವ ಹಾಗೂ ಇಲ್ಲ. ಕತ್ತಲ ರಸ್ತೆಯಲ್ಲಿ ಅವರನ್ನೆಲ್ಲ ಇಳಿಸಿಕೊಂಡು ಏನೆಂದು ಹೇಳಲಿ?

ತೂಬಗೆರೆ ದಾಟಿದ ಮೇಲೆ ಎದುರಿಗೊಂದು ಲಾರಿ ಬಂತು. ಅದರ ಬೆಳಕು ಹಾದುಹೋದ ತಕ್ಷಣ ಕಂಡಿತು. ಕೊಯ್ಲಿನ ಕಾಲ. ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ್ದ ರಾಗಿಯನ್ನು ಸಂಜೆ ಯಾರೋ ಎಡಪಕ್ಕಕ್ಕೆ ಗುಡ್ಡೆ ಮಾಡಿ, ಟಾರ್ಪಾಲು ಮುಚ್ಚಿ, ಸುತ್ತ ಕಲ್ಲಿಟ್ಟಿದ್ದರು. ಗುಡ್ಡೆಯ ಪಕ್ಕದಲ್ಲಿ ಕಂಬಳಿ ಹೊದ್ದು ಕಾವಲಿಗೆ ಒಬ್ಬ ಮಲಗಿದ್ದ.

"ಬಲಕ್ಕೆ, ಬಲಕ್ಕೆ, ಪೂರ್ತಿ ಬಲಕ್ಕೆ" ಎಂದು ಕಿರುಚಿದೆ. ಏನು ಕರ್ಮವೋ, ಅದೂ ಕ್ರಿಕೆಟ್ಟಿನ ಧ್ವನಿಯಲ್ಲೇ ಬಂತು. ವ್ಯಾನು ಬಲಕ್ಕೆ ಹೊರಳಿ, ಒಂದು ಕಲ್ಲನ್ನು ಹಾರಿಸಿ, ಮುಂದೆ ಹೋಯಿತು. ಹಿಂದಿನವರು ಸಿಕ್ಸರ್ ಎಂದು ಕೂಗಿ ಚಪ್ಪಾಳೆ ತಟ್ಟಿದರು.

ಎಲ್ಲರನ್ನೂ ಇಳಿಸಿ, ಮನೆಯ ಮುಂದೆ ಎಂಜಿನ್ ಆರಿಸಿದ ಮೇಲೆ ನಾವಿಬ್ಬರೇ ಉಳಿದೆವು.

"ಚಿಕ್ಕಪ್ಪ, ಶನಿಗೆ ಬಾಲ ಇಲ್ಲ" ಎಂದೆ.

ಅವರು ಸ್ಟೀರಿಂಗ್ ಒರೆಸಿದರು. "ನಂಗೂ ಆಮೇಲೆ ಅನುಮಾನ ಬಂತು" ಎಂದರು. ಆಮೇಲೆ ಮೆಲ್ಲಗೆ, "ಹಗಲೊತ್ತು ಪರ್ವಾಗಿಲ್ಲ ಕಣೋ. ರಾತ್ರಿ ಎದ್ರುಗಡೆ ಲೈಟು ಬಂದ್ರೆ, ಕಾಯಿ ಒಡ್ದಾಗ ನೀರು ಚೆಲ್ಲಿದಂಗೆ ಎಲ್ಲಾ ಕಡೆ ಹರಡ್ಕೊಳ್ತದೆ."

"ಕಣ್ಣು ತೋರ್ಸ್ಕೊಳ್ಳಿ. ಅಲ್ಲಿವರ್ಗೂ ಗಾಡಿ ತೆಗೀಬೇಡಿ."

"ಡಾಕ್ಟ್ರು ಬೇಡ ಅಂದ್ಬಿಟ್ರೆ? ಸ್ಟೀರಿಂಗ್ ಬಿಟ್ರೆ ನಂಗೇನೋ ಬರ್ತದೆ? ನಿನ್ ಥರ ಮಿಮಿಕ್ರಿ ಮಾಡ್ಲಾ?"

"ನಾನು ಚಿಕ್ಕಮ್ಮಂಗೆ ಹೇಳ್ತೀನಿ."

"ಹೇಳು. ನಿನ್ನ ಮಾತ್ನ ಈ ಬೀದೀಲಿ ಯಾವತ್ತು ಯಾರು ನಂಬವ್ರೆ?"

ವ್ಯಾನಿನಿಂದ ಇಳಿಯುವಾಗ, "ಅಲ್ಲಿ ಬರೀ ರಾಗಿ ಇರ್ಲಿಲ್ಲ ಚಿಕ್ಕಪ್ಪ. ಒಬ್ರು ಮಲಗಿದ್ರು" ಎಂದಷ್ಟೇ ಹೇಳಿದೆ. ನಾನು ಒಳಗೆ ಹೋಗಿ ಮಲಗಿದೆ. ವ್ಯಾನಿನ ಬಾಗಿಲು ಹಾಕಿದ ಸದ್ದು ಬಹಳ ಹೊತ್ತಿನ ತನಕ ಕೇಳಲಿಲ್ಲ.

ಬೆಳಿಗ್ಗೆ ಚಿಕ್ಕಮ್ಮ ರೊಟ್ಟಿ ತಟ್ಟುತ್ತಿದ್ದರು. ಎದುರಿಗೆ ಕೂತು ಹೇಳಿದೆ. ಚಿಕ್ಕಪ್ಪಂಗೆ ಕಣ್ಣು ಮಂಜಾಗಿದೆ, ರಾತ್ರಿ ಗಾಡಿ ಓಡಿಸುವುದು ನನ್ನ ಮಾತು ಕೇಳಿಕೊಂಡು, ನಿನ್ನೆ ಒಬ್ಬ ಮನುಷ್ಯ ಉಳಿದದ್ದೇ ಹೆಚ್ಚು ಎಂದೆ. ಅವರು ನಂಬದೆ ನನ್ನ ಮುಖ ನೋಡಿದರು. ಹಾಗಾಗಿ ಮೊದಲಿನಿಂದ ಹೇಳಬೇಕಾಯಿತು. ಹೇಳುತ್ತಾ ಹೋದಂತೆ, ನಾನು ಎಷ್ಟು ತಡೆದರೂ, ಹುಡುಗಿಯ ಮಾತಿಗೆ ಹುಡುಗಿಯ ಧ್ವನಿ ಬಂತು, ಆಪಾರ ಮಾತಿಗೆ ಆಪಾರದು, ಚಿಕ್ಕಪ್ಪನ "ಇನ್ನೂ ಚೆನ್ನಾಗೈತೆ"ಗೆ ಅವರದೇ ಧ್ವನಿ, ಅವರದೇ ಗದ್ದ, ಅವರದೇ ತುಟಿ. ನನ್ನ ಗಂಟಲಿಗೆ ಬೇರೆ ದಾರಿ ಗೊತ್ತಿಲ್ಲ. ಚಿಕ್ಕಮ್ಮ ತಡೆಯಲಾಗದೆ ನಕ್ಕರು, ಹಿಟ್ಟಿನ ಕೈಯಲ್ಲೇ ಸೆರಗೆಳೆದು ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು. ಅದು ನಗುವಿನದಲ್ಲ. ಅದನ್ನು ನೋಡಿ ಅವರು ಇನ್ನೂ ನಕ್ಕರು.

"ಅಳೋದ್ನೂ ಕಲ್ತ್ಕೊಂಡ್ಬಿಟ್ಟವ್ನೆ ನೋಡು" ಎಂದರು.

ಹೊಸಿಲಿನಲ್ಲಿ ಚಿಕ್ಕಪ್ಪ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ. ಗಾರ್ಮೆಂಟ್ಸಿನ ಹೆಣ್ಣುಮಕ್ಕಳನ್ನು ಹತ್ತಿಸಿಕೊಳ್ಳುವ ಹೊತ್ತಾಗಿತ್ತು. ಸ್ನಾನ ಮುಗಿಸಿ, ಖಾಕಿ ಅಂಗಿ ಹಾಕಿಕೊಂಡು, ಕೈಯಲ್ಲಿ ಕೀ ಹಿಡಿದಿದ್ದರು. ಅವರು ಸುಮ್ಮನೆ ಹೊರಟುಬಿಟ್ಟಿದ್ದರೆ ನನ್ನ ಮಾತು ಅಲ್ಲಿಗೆ ಮುಗಿಯುತ್ತಿತ್ತು, ಅಡುಗೆಮನೆಯ ನಗುವಿನಲ್ಲಿ. ಅವರು ಹೊರಡಲಿಲ್ಲ. ಚಿಕ್ಕಮ್ಮನ ನಗು ಇಳಿಯುವ ತನಕ ಕಾದರು.

"ನಗ್ಬೇಡ ಕಣೇ. ಇವತ್ತು ಅವ್ನು ಆಟ ಆಡ್ತಿಲ್ಲ, ನಡ್ದಿದ್ದು ಹೇಳ್ತಾವ್ನೆ. ತಗೋ, ಈ ಕೀನ ನಂಗೆ ಸಿಗ್ದಂಗೆ ಎಲ್ಲಾದ್ರೂ ಇಡು."