ಮೌಲಾಸಾಬನ ಮೇಲೆ ನಾನು ಬರೆದ ವರದಿ

2022ರ ಏಪ್ರಿಲ್. ನಾನಾಗ ಸಿಂಧನೂರಿನಲ್ಲಿ ಸಹಾಯಕ ಇಂಜಿನಿಯರ್. ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳ ಕುಡಿಯುವ ನೀರಿನ ಕಾಮಗಾರಿ ನನ್ನ ಪಾಲಿಗಿತ್ತು. ಎಲ್ಲಿ ಪೈಪು ಸೋರಿದರೂ ಹುಡುಕಿ ಕೊಡುವವನು ಎಂದು ಹೆಸರಾಗಿದ್ದೆ. ಆ ಹೆಸರಿನ ಬಗ್ಗೆ ಸ್ವಲ್ಪ ಸೊಕ್ಕೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ನಾನಿದ್ದದ್ದು ಇಪ್ಪತ್ತನಾಲ್ಕು ಮನೆಗಳ ಅಪಾರ್ಟ್‌ಮೆಂಟಿನಲ್ಲಿ. ಕಾಲುವೆಗೆ ನೀರು ನಿಂತ ಮೇಲೆ ಊರಿಗೆಲ್ಲ ಕೆರೆಯಲ್ಲಿ ತುಂಬಿಟ್ಟ ನೀರೇ ಗತಿ. ನಮ್ಮ ಕಟ್ಟಡದ ಸಂಪು, ಅಂದರೆ ನೆಲದೊಳಗಿನ ತೊಟ್ಟಿ, ಆ ಬೇಸಿಗೆ ವಾರಕ್ಕೊಮ್ಮೆ ಮಾತ್ರ ತುಂಬುತ್ತಿತ್ತು. ಐವತ್ತು ಸಾವಿರ ಲೀಟರ್. ದಿನ ಬಿಟ್ಟು ದಿನ ಬೆಳಿಗ್ಗೆ ಏಳಕ್ಕೆ ಮೌಲಾಸಾಬ ವಾಲ್ವು ತಿರುವಿದರೆ ಮನೆಗಳ ನಲ್ಲಿಗೆ ನೀರು. ಏಳು ದಿನ ಬರಬೇಕಾದದ್ದು ಐದನೇ ದಿನಕ್ಕೇ ತಳ ಕಾಣತೊಡಗಿತು.

ಮೌಲಾಸಾಬ ಮುದಗಲ್ಲಿನವನು. ಹನ್ನೊಂದು ವರ್ಷದಿಂದ ನಮ್ಮ ಪಂಪು ನೋಡಿಕೊಂಡು, ಪಂಪಿನ ಕೋಣೆಗೆ ಅಂಟಿಕೊಂಡ ಒಂದೇ ಖೋಲಿಯಲ್ಲಿ ಹೆಂಡತಿಯೊಂದಿಗೆ ಇದ್ದ. ನೀರನ್ನು ಅವನೇ ಹೊರಗಿನವರಿಗೆ ಕೊಡುತ್ತಾನೆಂದು ಗುಸುಗುಸು ಎದ್ದಿತು. ನಿವಾಸಿಗಳ ಸಂಘದ ಅಧ್ಯಕ್ಷ ಬಸವರಾಜಪ್ಪ, ಅಕ್ಕಿ ವ್ಯಾಪಾರಿ, ನನ್ನ ಬಳಿ ಬಂದರು.

“ಸಾಹೇಬ್ರ, ಸೋರಾಕತ್ತೈತೋ, ಯಾರರ ಒಯ್ಯಾಕತ್ತಾರೋ, ನೀವ ನೋಡಿ ಬರದು ಕೊಡ್ರಿ.”

ಭಾನುವಾರ ಕ್ರಮಬದ್ಧವಾಗಿ ಲೀಕ್ ಟೆಸ್ಟ್ ಮಾಡಿದೆ. ಎಲ್ಲ ವಾಲ್ವು ಮುಚ್ಚಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಆರು ತಾಸು ಕಾಯುವುದು. ಮಟ್ಟ ಇಳಿದರೆ ಸೋರಿಕೆ ಇದೆಯೆಂದರ್ಥ. ಒಂದು ಬೆರಳಿನಷ್ಟೂ ಇಳಿಯಲಿಲ್ಲ. “ಸೋರಿಕೆ ಇಲ್ಲ. ನೀರು ಹೊರಗೆ ಸಾಗಿರುವ ಸಾಧ್ಯತೆ ಇದೆ” ಎಂದು ಬರೆದು ಸಹಿ ಹಾಕಿದೆ. ವಾಲ್ವಿನ ಚಾವಿ ಇದ್ದದ್ದು ಒಬ್ಬನ ಬಳಿ ಮಾತ್ರ. ಮೂರು ದಿನದಲ್ಲಿ ಖೋಲಿ ಖಾಲಿ ಮಾಡಲು ಸಂಘ ಹೇಳಿತು.

“ಅಲ್ಲಾನ ಆಣಿ ಸಾಹೇಬ್ರ, ಒಂದು ಕೊಡಾನೂ ಹೊರಗ ಕೊಟ್ಟಿಲ್ಲ” ಎಂದ ಮೌಲಾಸಾಬ. ನಾನು ಮುಖ ತಿರುಗಿಸಿದೆ.

ಮೂರನೇ ದಿನ ಜೀಪು ಕೆಟ್ಟಿತು. ದಿನವೂ ಆರು ಗಂಟೆಗೇ ಹೊರಬೀಳುತ್ತಿದ್ದವನು ಅಂದು ಮನೆಯಲ್ಲೇ ಉಳಿದೆ. ಏಳಾಗುತ್ತಿದ್ದಂತೆ ನನ್ನ ಹೆಂಡತಿ ನೀಲಮ್ಮ ತುಂಬಿದ ಕೊಡವೊಂದನ್ನೆತ್ತಿ ಬಚ್ಚಲಿಗೆ ಸುರಿದಳು. ಇನ್ನೊಂದನ್ನೂ ಸುರಿದಳು. ಆಮೇಲೆ ಡ್ರಮ್ಮನ್ನೇ ಬಗ್ಗಿಸಿದಳು.

“ಏನ್ ಮಾಡಾಕತ್ತೀ?” ಎಂದು ಚೀರಿದೆ.

“ಮೊನ್ನೀ ನೀರು ರೀ. ಈಗ ತಾಜಾ ಬರ್ತಾವಲ್ಲ, ಹಳೇವು ಇಟ್ಕೊಂಡು ಪೂಜಿ ಮಾಡ್ಲೇನು? ಎಲ್ಲಾರ ಮನ್ಯಾಗೂ ಹಿಂಗ.”

ಹಿಂಬದಿಗೆ ಓಡಿ ನೋಡಿದರೆ, ಮೂರೂ ಅಂತಸ್ತಿನ ಬಚ್ಚಲು ಪೈಪುಗಳು ಒಟ್ಟಿಗೆ ಭೋರ್ಗರೆಯುತ್ತಿದ್ದವು. ಮೋರಿಯಲ್ಲಿ ಸೋಪಿನ ನೊರೆಯಿಲ್ಲ, ಕೊಳೆಯಿಲ್ಲ. ಕುಡಿಯಲು ತುಂಬಿಟ್ಟ ತಿಳಿ ನೀರು. ನಮ್ಮ ಮನೆಯಿಂದಲೇ ಸುಮಾರು ನೂರೈವತ್ತು ಲೀಟರ್. ಇಪ್ಪತ್ತನಾಲ್ಕು ಮನೆಗೆ ಮೂರು ಸಾವಿರದ ಆರುನೂರು, ಅದೂ ಒಂದೇ ಬೆಳಿಗ್ಗೆ. ನಲವತ್ತು ಹಳ್ಳಿಗಳ ನೀರು ನೋಡಿಕೊಂಡವನಿಗೆ ತನ್ನ ಅಡುಗೆಮನೆಯ ಪದ್ಧತಿ ಗೊತ್ತಿರಲಿಲ್ಲ!

ಗೇಟಿನಲ್ಲಿ ಆಟೋ ನಿಂತಿತ್ತು. ಮೌಲಾಸಾಬ ಗಂಟುಮೂಟೆ ಏರಿಸುತ್ತಿದ್ದ.

“ಇದು ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ ಸಾಹೇಬ್ರ. ಹನ್ನೊಂದು ವರ್ಷ ಆ ಮೋರಿ ಬಳದಾವ ನಾನ ಅಲ್ಲೇನ್ರಿ?”

“ಮತ್ತ ಯಾಕ ಹೇಳ್ಲಿಲ್ಲ?”

“ಯಾರ ಮನೀವು ಅಂತ ಕೇಳ್ತಿದ್ರಿ. ನಿಮ್ಮ ಮನಿ ಅಕ್ಕಾರ ಹೆಸರೂ ಹೇಳಬೇಕಾಗ್ತಿತ್ತು. ನನ್ನ ಹೆಂಡ್ತಿ ಬ್ಯಾನಿ ಬಿದ್ದಾಗ ತಿಂಗಳತನಕ ರೊಟ್ಟಿ ಕೊಟ್ಟ ಕೈ ಅದು.”

ಬಸವರಾಜಪ್ಪನವರನ್ನು ಕೂಗಿ ಕರೆದು, ಎಲ್ಲರೆದುರು ನನ್ನ ವರದಿ ತಪ್ಪೆಂದು ಹೇಳಿದೆ. ಅವರು ಕೈಮುಗಿದು, “ತಪ್ಪಾತು ಮೌಲಾ, ಇಲ್ಲೇ ಇರು” ಎಂದರು.

“ಬ್ಯಾಡ್ರಿ ಯಜಮಾನ್ರ. ಇನ್ನ ನಾ ವಾಲ್ ಬಿಟ್ಟಾಗೆಲ್ಲ ನೀವು ಕಿಟಕ್ಯಾಗಿಂದ ನೋಡ್ತೀರಿ.”

ಚಾವಿಯನ್ನು ನನ್ನ ಅಂಗೈಯಲ್ಲಿಟ್ಟು ಆಟೋ ಹತ್ತಿದ. ನೀಲಮ್ಮ ಮೆಟ್ಟಿಲಲ್ಲೇ ಕುಳಿತು ಅತ್ತಳು.

ಅಂದೇ ಸಂಜೆ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದರು. ಮುಚ್ಚಿಟ್ಟ ನೀರು ಎರಡು ದಿನಕ್ಕೆ ಕೆಡುವುದಿಲ್ಲವೆಂದು ವಿವರಿಸಿದೆ. ಕೊಡ, ಡ್ರಮ್ಮುಗಳಿಗೆ ಮುಚ್ಚಳ ಬಂದವು. ಕಡಿಮೆಯಾದಷ್ಟನ್ನು ಮಾತ್ರ ತುಂಬಿಕೊಳ್ಳುವುದೆಂದು ತೀರ್ಮಾನವಾಯಿತು. ವಾಲ್ವು ತಿರುವುವ ಕೆಲಸವನ್ನು ಕೆಲವು ವಾರ ನಾನೇ ಮಾಡಿದೆ.

ಈಗ ಕಿರಿಯ ಇಂಜಿನಿಯರುಗಳು ಸಲಹೆ ಕೇಳಿದರೆ ಇಷ್ಟೇ ಹೇಳುತ್ತೇನೆ: ವಾಲ್ವು ಮುಚ್ಚಿ ಪರೀಕ್ಷಿಸುವ ಮೊದಲು, ನೀರು ಬಿಡುವ ಹೊತ್ತಿನಲ್ಲಿ ಮೋರಿಯ ಪಕ್ಕ ನಿಂತುಕೊಳ್ಳಿ, ಕಣ್ಣಾರೆ ಕಾಣದ್ದನ್ನು ಒಬ್ಬ ಮನುಷ್ಯನ ಮೇಲೆ ಬರೆಯಬೇಡಿ. ಆ ಆಟೋ ಹೋದ ಮುಂದಿನ ವಾರ, ಮತ್ತೆ ನೀರು ಬರಬೇಕಿದ್ದ ಎಂಟನೇ ದಿನ ಬೆಳಿಗ್ಗೆ, ನಮ್ಮ ಸಂಪಿನಲ್ಲಿ ಇನ್ನೂ ಮೊಣಕಾಲುದ್ದ ನೀರಿತ್ತು. ಮೌಲಾಸಾಬ ಮುದಗಲ್ಲಿನಲ್ಲಿದ್ದ.